ಲಾರಿಗೆ ಪ್ರದಕ್ಷಿಣೆ

ಮೆಟ್ರಿಯಲ್ಲಿ ನಮ್ಮ ಅಕ್ಕನ ಮನೆಯುಂಟು. ಕಂಪ್ಲಿಯ ಕಡೆಯವರಿಗೆ ಆ ಊರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೆಂಗಳೂರಿನ ವಾಚಕರಿಗೆ, ಹಂಪಿ ನೋಡಲೆಂದು ಹೊಸಪೇಟೆಯಲ್ಲಿ ಇಳಿದವರು ಸಾಮಾನ್ಯವಾಗಿ ನೋಡದೆ ಬಿಡುವ ಸೀಮೆ ಅದು ಎಂದರೆ ಸಾಕು. ವರ್ಷಕ್ಕೊಮ್ಮೆ ನಾಲ್ಕು ದಿನ ಅಲ್ಲಿಗೆ ಹೋಗುತ್ತೇನೆ, ಬೆಳಿಗ್ಗೆ ತಡವಾಗಿ ಏಳಬೇಕೆಂಬ ಒಂದೇ ಆಸೆಯಿಂದ. ಆ ಆಸೆ ಈವರೆಗೆ ಕೈಗೂಡಿಲ್ಲ. ಐದು ಗಂಟೆಗೆ, ಕೋಳಿ ಕೂಗುವುದಕ್ಕೂ ಮೊದಲು, ಎದುರುಮನೆಯ ಬಯಲಿನಲ್ಲಿ ‘ಟಣ್, ಟಣ್’ ಎಂದು ಕಬ್ಬಿಣ ಬಡಿಯುವ ಸದ್ದು ಶುರುವಾಗುತ್ತದೆ.

ಬಡಿಯುವವರು ಅಕ್ಕ ‘ಡ್ರೈವರಣ್ಣ’ ಎಂದು ಕರೆಯುವ ಹಿರಿಯರು. ಅವರದು ಹತ್ತು ಚಕ್ರದ ಹಳೆಯ ಲಾರಿ. ಕಂಪ್ಲಿ ಕಡೆಯ ಭತ್ತ ಹೊರುತ್ತದೆ. ಕೈಯಲ್ಲಿ ಮೊಳದುದ್ದದ ಸರಳು ಹಿಡಿದು ಡ್ರೈವರ್ ಬಾಗಿಲಿನಿಂದ ಹೊರಟು, ಹಿಂದೆ ಬಳಸಿಕೊಂಡು, ಕ್ಲೀನರ್ ಬಾಗಿಲಿನ ಕಡೆಯಿಂದ ಮರಳಿ ಮುಂದಕ್ಕೆ ಬರುತ್ತಾರೆ. ಗುಡಿಯಲ್ಲಿ ಸುತ್ತುವಂತೆಯೇ, ಲಾರಿ ಸದಾ ಅವರ ಬಲಗೈಗೆ. ಪ್ರತಿಯೊಂದು ಟೈರಿಗೂ ಒಂದು ಪೆಟ್ಟು, ಪ್ರತಿಯೊಂದು ನಟ್ಟಿಗೂ ಒಂದು ಪೆಟ್ಟು. ಗಾಳಿ ತುಂಬಿದ ಟೈರು ಸರಳನ್ನು ಪುಟಿಸುತ್ತದೆ. ಜೋಡಿ ಚಕ್ರದಲ್ಲಿ ಒಳಗಿನದು ಇಳಿದಿದ್ದರೆ ‘ದೊಪ್’ ಎನ್ನುತ್ತದೆ. ಬಿಗಿಯಾದ ನಟ್ಟು ಗಂಟೆಯಂತೆ ನುಡಿಯುತ್ತದೆ. ಸಡಿಲವಾದದ್ದು ಮಂಕಾಗಿ ಗೊಣಗುತ್ತದೆ. ಆಮೇಲೆ ಬ್ರೇಕಿನ ಗಾಳಿಯ ಟ್ಯಾಂಕಿನಿಂದ ರಾತ್ರಿಯ ನೀರನ್ನು ಹೊರಗೆ ಬಿಡುತ್ತಾರೆ. ಎಂಜಿನ್ ಹಚ್ಚಿ, ಗಾಳಿಯ ಮುಳ್ಳು ಏರುವುದನ್ನು ಕಾದು, ಬ್ರೇಕು ತುಳಿದು, ಎಲ್ಲಾದರೂ ‘ಸುಸ್’ ಎನ್ನುತ್ತಿದೆಯೇ ಎಂದು ಕಿವಿಗೊಡುತ್ತಾರೆ. ದೀಪ, ಹಾರನ್ನು, ವೈಪರು ಎಲ್ಲವನ್ನೂ ನೋಡಿದ ಮೇಲೆಯೇ ಊದುಬತ್ತಿ, ನಿಂಬೆಹಣ್ಣು. ಒಟ್ಟು ಇಪ್ಪತ್ತು ನಿಮಿಷದ ಪೂಜೆ.

ಮೊದಲು ಇದನ್ನು ನೋಡಿ ನಗುತ್ತಿದ್ದೆ ಎಂದು ಬರೆದರೆ ಪ್ರಬಂಧಕ್ಕೆ ಶೋಭೆ ಬರುತ್ತಿತ್ತು. ಆದರೆ ನನಗೆ ನಗು ಬರುತ್ತಿರಲಿಲ್ಲ. ಆ ಸದ್ದಿಗೆ ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದುದಕ್ಕೆ ನಿದ್ರೆಯೊಂದೇ ಕಾರಣವಲ್ಲ.

೨೦೦೭ನೆಯ ಇಸವಿಯಲ್ಲಿ ನಾನು ಹೊಸಪೇಟೆಯ ಒಂದು ಲಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಚೀನಾ ದೇಶಕ್ಕೆ ಎಷ್ಟು ಕಬ್ಬಿಣವಿದ್ದರೂ ಸಾಲದ ಕಾಲ ಅದು. ಸಂಡೂರಿನ ಗುಡ್ಡಗಳನ್ನು ಅಗೆದ ಅದಿರು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು. ಹತ್ತು ಚಕ್ರದ ಲಾರಿಗೆ ಆಗ ಕಾನೂನು ಒಪ್ಪಿದ ಒಟ್ಟು ತೂಕ ೨೫ ಟನ್ನು; ೨೦೧೮ರಲ್ಲಿ ಅದು ೨೮.೫ ಆಯಿತು. ಆ ದಿನಗಳಲ್ಲಿ ಹೇರುತ್ತಿದ್ದುದು ಎಷ್ಟೆಂಬುದನ್ನು ತೂಕದ ಸೇತುವೆಗಿಂತ ರಸ್ತೆಯ ಗುಂಡಿಗಳು ಚೆನ್ನಾಗಿ ಹೇಳುತ್ತಿದ್ದವು. ಡ್ರೈವರನಿಗೆ ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು. ಇಪ್ಪತ್ತು ನಿಮಿಷ ಗಾಡಿ ಸುತ್ತಿದರೆ ಗಣಿಯ ಬಾಗಿಲಿನ ಸಾಲಿನಲ್ಲಿ ಹತ್ತು ಲಾರಿ ಮುಂದೆ ಸೇರಿಬಿಡುತ್ತಿದ್ದವು.

ನಮ್ಮ ಕಚೇರಿಯಲ್ಲಿ ದಿನವಹಿ ತಪಾಸಣೆಯ ಒಂದು ರಿಜಿಸ್ಟರು ಇತ್ತು. ಪ್ರತಿ ಲಾರಿಗೂ ಒಂದು ಸಾಲು, ಸಾಲಿಗೆ ಹದಿನಾಲ್ಕು ಖಾನೆ: ಬ್ರೇಕು, ಸ್ಟೀರಿಂಗು, ಟೈರು, ಚಕ್ರದ ನಟ್ಟು, ದೀಪ, ಹೀಗೆ. ನೋಡಬೇಕಾದವನು ಡ್ರೈವರ್, ಗುರುತು ಹಾಕುತ್ತಿದ್ದವನು ನಾನು. ಬೆಳಗಿನ ಚಹಾ ಆರುವುದರೊಳಗೆ ನಲವತ್ತು ಲಾರಿಗಳೂ ಸುಕ್ಷೇಮವಾಗಿರುತ್ತಿದ್ದವು. ನನ್ನ ಸಾಲುಗಳು ಅಂದವಾಗಿವೆಯೆಂದು ಮ್ಯಾನೇಜರು ಹೊಗಳಿದ್ದೂ ಉಂಟು.

ಒಂದು ದಿನ ಸಂಡೂರಿನಿಂದ ಬರುವ ಇಳಿಜಾರಿನಲ್ಲಿ ನಮ್ಮ ಒಂದು ಲಾರಿಯ ಹಿಂದಿನ ಚಕ್ರ ಕಳಚಿಕೊಂಡಿತು. ಗಾಡಿ ಮಗುಚಿತು. ಡ್ರೈವರ್ ಉಳಿದ. ಕ್ಲೀನರ್ ಹುಡುಗನೂ ಉಳಿದ. ಅವನ ಬಲಗಾಲು ಉಳಿಯಲಿಲ್ಲ. ನಟ್ಟು ಸಡಿಲವಾದರೆ ಅದರ ಬುಡದಿಂದ ತುಕ್ಕಿನ ಗೆರೆ ಇಳಿಯುತ್ತದೆ, ಕಣ್ಣಿದ್ದವನಿಗೆ ಅದೇ ಎಚ್ಚರಿಕೆ ಎನ್ನುತ್ತಾರೆ. ಸಂಡೂರಿನ ಧೂಳಿನಲ್ಲಿ ಇಡೀ ಲಾರಿಯೇ ತುಕ್ಕಿನ ಬಣ್ಣ. ಅಲ್ಲಿ ಕಣ್ಣು ಸಾಲದು, ಬಡಿದು ಕೇಳಬೇಕು. ಕೇಳಿದವರು ಯಾರೂ ಇರಲಿಲ್ಲ.

ಮಾರನೆಯ ದಿನ ರಿಜಿಸ್ಟರನ್ನು ತರಲು ಹೇಳಿದರು. ಆ ಲಾರಿಯ ಸಾಲಿನಲ್ಲಿ ಹದಿನಾಲ್ಕು ಗುರುತುಗಳೂ ಇದ್ದವು, ಎಂದಿನಂತೆ ಅಂದವಾಗಿ. ನಿಜವಾಗಿ ಆ ರಾತ್ರಿ ಲಾರಿ ನಮ್ಮ ಅಂಗಳದಲ್ಲೇ ಇರಲಿಲ್ಲ, ಗಣಿಯ ಬಾಗಿಲಿನಲ್ಲಿ ಸಾಲು ನಿಂತಿತ್ತು. ಇಲ್ಲದ ಲಾರಿಯ ನಟ್ಟನ್ನು ನಾನು ‘ಸರಿ’ ಎಂದಿದ್ದೆ. ಕಚೇರಿಗೆ ಅದು ಬೇಕಾಗಿಯೇ ಇತ್ತು: ‘ನಮ್ಮ ಕಡೆಯಿಂದ ತಪಾಸಣೆ ಆಗಿದೆ, ಮುಂದಿನದು ಡ್ರೈವರನ ಅಜಾಗರೂಕತೆ.’ ಅವನ ಕೆಲಸ ಹೋಯಿತು. ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದರು; ಈ ಕಾರಣ ಆಗ ಬಹಳ ದೊಡ್ಡದಾಗಿ ಕಂಡಿತ್ತು. ೨೦೧೧ರ ಜುಲೈ ೨೯ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳೂ ನಿಂತವು, ನನ್ನ ಕೆಲಸವೂ ನಿಂತಿತು.

ಆಮೇಲೆ, ಬಿಡುವಾದಾಗ, ಕಾನೂನಿನ ಪುಸ್ತಕ ತೆರೆದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೯೦ನೆಯ ಕಲಮು ಬಹಳ ಸರಳವಾದದ್ದು. ಅಪಾಯ ತರುವ ದೋಷವುಳ್ಳ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದು ಅಪರಾಧ. ದೋಷ ನನಗೆ ತಿಳಿದಿರಲಿಲ್ಲವೆಂದರೆ ಸಾಲದು. ಸಾಮಾನ್ಯ ಎಚ್ಚರ ವಹಿಸಿದ್ದರೆ ತಿಳಿಯುತ್ತಿತ್ತೆಂದಾದರೂ ಅಪರಾಧವೇ. ಹೊಣೆ ಓಡಿಸಿದವನೊಬ್ಬನದೇ ಅಲ್ಲ, ಓಡಿಸಲು ಹಚ್ಚಿದವನದು, ಬಿಟ್ಟವನದು ಕೂಡ. ಸಾರಿಗೆ ಕಚೇರಿ ಕೊಡುವ ಫಿಟ್‌ನೆಸ್ ಪತ್ರ ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ನಟ್ಟು ಸಡಿಲವಾಗುವುದಕ್ಕೆ ಒಂದು ರಾತ್ರಿ ಸಾಕು. ನಡುವಿನ ದಿನಗಳನ್ನು ಕಾಯುವುದು ಆ ‘ಸಾಮಾನ್ಯ ಎಚ್ಚರ’ ಒಂದೇ.

ಅಮೆರಿಕದಲ್ಲಿ ಇದಕ್ಕೆ ಲಿಖಿತ ನಿಯಮವೇ ಉಂಟು. ದಿನದ ಕೆಲಸ ಮುಗಿದ ಮೇಲೆ ಡ್ರೈವರನು ಹನ್ನೊಂದು ಭಾಗಗಳ ವಿಚಾರವಾಗಿ ವರದಿ ಬರೆಯಬೇಕು. ದೋಷ ಕಂಡರೆ ಮಾಲೀಕನು ಅದನ್ನು ಸರಿಪಡಿಸಿ ರುಜು ಹಾಕಬೇಕು. ಮರುದಿನದ ಡ್ರೈವರನು ಅದನ್ನು ಓದಿ ರುಜು ಹಾಕಬೇಕು. ೨೦೧೪ರ ಡಿಸೆಂಬರಿನಲ್ಲಿ ಅವರು ಸರಕು ಲಾರಿಗಳ ಮಟ್ಟಿಗೆ ಒಂದು ಬದಲಾವಣೆ ಮಾಡಿದರು: ದೋಷವಿಲ್ಲದಿದ್ದರೆ ವರದಿಯೇ ಬೇಡ. ನೋಡುವುದು ತಪ್ಪುವುದಿಲ್ಲ, ‘ಎಲ್ಲಾ ಸರಿ’ ಎಂದು ಬರೆಯುವುದಷ್ಟೇ ತಪ್ಪಿತು. ಇದನ್ನು ಓದಿದಾಗ ನನ್ನ ಹದಿನಾಲ್ಕು ಖಾನೆಗಳು ಕಣ್ಣ ಮುಂದೆ ಬಂದವು. ನಮ್ಮ ರಿಜಿಸ್ಟರಿನಲ್ಲಿ ‘ಸರಿ ಇಲ್ಲ’ ಎಂದು ಬರೆಯುವುದಕ್ಕೆ ಜಾಗವೇ ಇರಲಿಲ್ಲ. ಹಾಗೆ ಬರೆದ ಡ್ರೈವರನಿಗೆ ಅಂದಿನ ಟ್ರಿಪ್ಪು ಇರುತ್ತಿರಲಿಲ್ಲ. ‘ಸರಿ ಇಲ್ಲ’ ಎಂದವನ ಅಂದಿನ ಕೂಲಿ ಉಳಿಯುವ ಕಡೆ ಮಾತ್ರ ‘ಸರಿ ಇದೆ’ ಎಂಬ ಮಾತಿಗೆ ಅರ್ಥವುಂಟು.

ಈ ಸಲ ಮೆಟ್ರಿಯಿಂದ ಹೊರಡುವ ದಿನ ಬೆಳಗಿನ ಬಸ್ಸು ತಪ್ಪಿತು. ಹೊಸಪೇಟೆಗೆ ಹೊರಟಿದ್ದ ಡ್ರೈವರಣ್ಣ, ‘ಬರ್ರಿ ಸಾರ್, ಬಿಡ್ತೀನಿ’ ಎಂದರು. ಸುತ್ತು ಇನ್ನೂ ಅರ್ಧವಾಗಿತ್ತು. ಗಡಿಯಾರ ನೋಡಿಕೊಳ್ಳುತ್ತಾ ಹಿಂದೆ ಹಿಂದೆ ನಡೆದೆ.

‘ಇದನ್ನೆಲ್ಲ ಎಲ್ಲಿಯಾದರೂ ಬರೆದಿಡುತ್ತೀರಾ?’ ಎಂದು ಕೇಳಿದೆ.

‘ಯಾರಿಗೆ ತೋರ್ಸಾಕ್ರೀ? ಗಾಡಿನೂ ನಂದೇ, ಕುಂದ್ರೋದೂ ನಾನೇ. ಕೂಲಿ ಡ್ರೈವರ್ ಇದ್ದಾಗ ಬರೀತಿದ್ದೆ, ಬ್ರೇಕ್ ಹಿಡಿಯಾಂಗಿಲ್ಲ ಅಂತ. ಮಾಲಕ ಓದ್ತಿರ್ಲಿಲ್ಲ. ಅದಕ್ಕ ಬಿಟ್ಟು ಬಂದೆ.’

ಹಿಂದಿನ ಚಕ್ರದ ಬಳಿ ಸರಳನ್ನು ನನ್ನ ಕೈಗೆ ಕೊಟ್ಟರು. ‘ನೀವೂ ಕುಂದ್ರಾವ್ರಲ್ಲೇನ್ರೀ, ಬಡೀರಿ.’

ಬಡಿದೆ. ಒಂದು, ಎರಡು, ಮೂರು ನಟ್ಟು ಗಂಟೆಯಂತೆ ನುಡಿದವು. ನಾಲ್ಕನೆಯದು ನುಡಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಡ್ರೈವರಣ್ಣನ ಮುಖ ನೋಡಿದೆ. ಅವರು ಏನೂ ಹೇಳದೆ ಕಾದರು. ಮತ್ತೊಮ್ಮೆ ಬಡಿದೆ, ಬಗ್ಗಿ ಕಿವಿಯಿಟ್ಟೆ.

‘ಇದು ಸರಿ ಇಲ್ಲ ಅನಿಸುತ್ತದೆ’ ಎಂದೆ.

ಅವರು ಪಾನಾ ತರಲು ಕ್ಲೀನರ್ ಹುಡುಗನನ್ನು ಕೂಗಿದರು.