ಯಾವ ಬಣ್ಣ ಬಂತು?

ಕಣ್ಣೀರಿಗೆ ಕಾವ್ಯದಲ್ಲಿ ಮೊದಲಿನಿಂದಲೂ ಮಣೆ ಹಾಕಿದ್ದಾರೆ. ರಕ್ತಕ್ಕೆ ವೀರರಸದಲ್ಲಿ ಪಾಲುಂಟು. ಬೆವರಿಗೂ ಈಚಿನ ಕವಿಗಳು ಒಂದಷ್ಟು ಮರ್ಯಾದೆ ದೊರಕಿಸಿಕೊಟ್ಟಿದ್ದಾರೆ. ದೇಹದ ಉಳಿದ ದ್ರವಗಳ ಹೆಸರನ್ನು ಮಾತ್ರ ನಾಲ್ಕು ಜನರೆದುರಿಗೆ ಎತ್ತುವಂತಿಲ್ಲ. ಆದರೆ ವಾಚಕರೇ, ಕವಿಯು ಮೂಗು ಮುಚ್ಚಿಕೊಂಡು ದೂರ ಸರಿದ ಆ ದ್ರವದಲ್ಲಿಯೇ ವೈದ್ಯನು ನಮ್ಮ ಜಾತಕವನ್ನು ಓದುತ್ತಾನೆ. ಹುಟ್ಟಿದ ವೇಳೆ, ನಕ್ಷತ್ರ, ಪಾದ ಯಾವುದೂ ಅವನಿಗೆ ಬೇಡ. ಒಂದು ಸಣ್ಣ ಶೀಸೆ, ಅದರ ಮೇಲೆ ಹೆಸರು ಬರೆದ ಒಂದು ಚೀಟಿ, ಇಷ್ಟಿದ್ದರೆ ಸಾಕು.

ಕಳೆದ ವರ್ಷ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ನಡೆಯಿತು. ಅಂದು ಬೆಳಿಗ್ಗೆ ಲೋಕಲ್ ಗಾಡಿಯಿಂದ ಇಳಿದು ಬಂದ ನಮ್ಮ ಸಹೋದ್ಯೋಗಿಗಳ ಮುಖದ ಗಾಂಭೀರ್ಯವನ್ನು ನೋಡಬೇಕಾಗಿತ್ತು. ಒಬ್ಬರು ಶೀಸೆಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡಿದ್ದರು. ಇನ್ನೊಬ್ಬರು ಊಟದ ಡಬ್ಬಿಯ ಚೀಲದಲ್ಲಿಯೇ ತಂದಿದ್ದರು. ಆ ದಿನ ಅವರ ಚಟ್ನಿಗೆ ಯಾರೂ ಕೈ ಚಾಚಲಿಲ್ಲ. ಯಾವ ಕಾಗದವನ್ನೂ ಮೂರು ಸಲ ಓದದೆ ಕೈಬಿಡದ ನಮ್ಮ ಸೂಪರಿಂಟೆಂಡೆಂಟರು ತಮ್ಮ ಶೀಸೆಯನ್ನು ಮಾತಿಲ್ಲದೆ ಒಪ್ಪಿಸಿ, ರಸೀದಿಯನ್ನೂ ಕೇಳದೆ ಹೊರಟುಹೋದರು.

ಎರಡು ದಿನದ ಮೇಲೆ ವರದಿ ಬಂತು. ಫೈಲುಗಳ ನಡುವೆ ಬಾಳುವ ನಮಗೆ ಕಾಲಮ್ಮುಗಳನ್ನು ಓದುವುದು ಕಷ್ಟವಲ್ಲ. ಎಡಗಡೆ ವಸ್ತುವಿನ ಹೆಸರು, ನಡುವೆ ನಮ್ಮಲ್ಲಿರುವ ಪ್ರಮಾಣ, ಬಲಗಡೆ ಸಭ್ಯ ಗೃಹಸ್ಥನಲ್ಲಿ ಇರಬೇಕಾದ ಪ್ರಮಾಣ. ರಕ್ತದ ಗುಂಪು 'ಓ' ಎಂದಿತ್ತು. ಈ ಗುಂಪುಗಳನ್ನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬಾತ 1901ರಲ್ಲಿ ಜಗತ್ತಿಗೆ ತಿಳಿಸಿದ. ತನ್ನ ರಕ್ತವನ್ನೂ ಪ್ರಯೋಗಶಾಲೆಯ ಗೆಳೆಯರ ರಕ್ತವನ್ನೂ ತೆಗೆದು, ಒಬ್ಬನ ಕಣಗಳಿಗೆ ಇನ್ನೊಬ್ಬನ ರಸವನ್ನು ಬೆರೆಸಿ, ಯಾವುದು ಗಡ್ಡೆ ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ ಎಂದು ನೋಡಿದ, ಅಷ್ಟೆ. ಆ ಅಷ್ಟಕ್ಕೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. ನಮ್ಮ ಮುಂಬಯಿಗೂ ಈ ಶಾಸ್ತ್ರದಲ್ಲಿ ಒಂದು ಪುಟ ಮೀಸಲಾಗಿದೆ. 1952ರಲ್ಲಿ ಇಲ್ಲಿ ಡಾಕ್ಟರ್ ಭೇಂಡೆ ಮತ್ತು ಅವರ ಸಂಗಡಿಗರು, ಮೇಲ್ನೋಟಕ್ಕೆ 'ಓ'ದಂತೆ ಕಂಡರೂ 'ಓ' ರಕ್ತವನ್ನೂ ಒಗ್ಗಿಸಿಕೊಳ್ಳದ ಒಂದು ಅಪರೂಪದ ಗುಂಪನ್ನು ಕಂಡುಹಿಡಿದರು. ಅದಕ್ಕೆ 'ಬಾಂಬೆ' ಗುಂಪು ಎಂದೇ ಹೆಸರು. 1995ರಲ್ಲಿ ಊರು ಹೆಸರು ಬದಲಿಸಿಕೊಂಡಿತು, ರಕ್ತ ಬದಲಿಸಿಕೊಂಡಿಲ್ಲ.

ಇರಲಿ. ನಮ್ಮ ವರದಿಯಲ್ಲಿ ಅಪಾಯದ ಗುರುತು ಒಂದೂ ಇರಲಿಲ್ಲ. ಆದರೂ ನಮ್ಮ ಕಣ್ಣು ಮೊದಲು ಹೋಗಿ ನಿಂತದ್ದು ಸಕ್ಕರೆಯ ಸಾಲಿನ ಮೇಲೆ. ನಮ್ಮ ತಾಯಿಯ ಕಡೆಯ ಆಸ್ತಿಯೆಂದರೆ ಸಕ್ಕರೆ ಬೇನೆಯೊಂದೇ. ಅಜ್ಜನಿಂದ ಅವ್ವನಿಗೆ ಬಂದಿದೆ. ಮುಂದಿನ ವಾರಸುದಾರರು ನಾವು.

ಈ ಬೇನೆಯನ್ನು ನಮ್ಮವರು ಬಹಳ ಹಿಂದೆಯೇ ಗುರುತಿಸಿದ್ದರು. ಮಧುಮೇಹವೆಂಬ ಹೆಸರೇ ಸಾಕ್ಷಿ. ಮೂತ್ರಕ್ಕೆ ಇರುವೆ ಮುತ್ತಿದರೆ ನಮ್ಮ ಪ್ರಾಚೀನ ವೈದ್ಯರು ಎಚ್ಚರಗೊಳ್ಳುತ್ತಿದ್ದರು. ಖರ್ಚಿಲ್ಲದ ಪ್ರಯೋಗಶಾಲೆ! ಯುರೋಪಿನ ವೈದ್ಯರು ಇರುವೆಗೆ ಆ ಕೆಲಸ ವಹಿಸಲಿಲ್ಲ, ತಾವೇ ರುಚಿ ನೋಡಿದರು. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂಥ ರೋಗಿಗಳ ಮೂತ್ರ ಜೇನಿನಂತೆ ಸಿಹಿ ಎಂದು ಬರೆದಿಟ್ಟ. 'ನಮ್ಮ ಕೆಲಸ ಕಷ್ಟ' ಎಂದು ಗೊಣಗುವ ಗುಮಾಸ್ತರು ಈ ಪುಣ್ಯಾತ್ಮನನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅವನಾದ ಮೇಲೆ ನೂರು ವರ್ಷಕ್ಕೆ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಅದನ್ನು ಕಾಯಿಸಿ ಆರಿಸಿ, ಉಳಿದ ಬಿಳಿಯ ಹೆಪ್ಪು ಸಕ್ಕರೆಯೇ ಎಂದು 1776ರಲ್ಲಿ ತೋರಿಸಿಕೊಟ್ಟ. ರಕ್ತದ ರಸವೂ ಸಿಹಿಯೆಂದು ಆತನೇ ಹೇಳಿದ. ಅಂದರೆ ತಪ್ಪು ಮೂತ್ರಪಿಂಡದ್ದಲ್ಲ, ಇಡೀ ದೇಹದ ಲೆಕ್ಕವೇ ತಪ್ಪಿದೆ ಎಂದಾಯಿತು.

ನಾಲಗೆಗೆ ಬಿಡುಗಡೆ ದೊರಕಿಸಿಕೊಟ್ಟದ್ದು ಬಣ್ಣ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908ರ ಸುಮಾರಿಗೆ ಒಂದು ನೀಲಿ ದ್ರಾವಣವನ್ನು ಸಿದ್ಧಪಡಿಸಿದ. ಅದರಲ್ಲಿರುವ ಮುಖ್ಯ ವಸ್ತು ನಮ್ಮ ತೋಟಗಾರರಿಗೆಲ್ಲ ಗೊತ್ತಿರುವ ಮೈಲುತುತ್ತ. ಗಾಜಿನ ನಳಿಗೆಯಲ್ಲಿ ಐದು ಮಿಲಿಲೀಟರ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ. ಕುದಿಸಿದರೆ ಉತ್ತರ ಬಂದೇ ಬರುತ್ತದೆ. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಕಿತ್ತಳೆಯಾದರೆ ಜೋಕೆ, ಇಟ್ಟಿಗೆಯ ಕೆಂಪು ಬಂದರೆ ಡಾಕ್ಟರ ಮನೆಗೆ ಓಡಬೇಕು. ಓದು ಬಾರದವರೂ ಓದಬಹುದಾದ ಪರೀಕ್ಷೆ. ಪ್ರಯೋಗಶಾಲೆಯಿಂದ ಇದು ಅಡಿಗೆಮನೆಗೆ ಇಳಿದು, ಎಷ್ಟೋ ವರ್ಷ ಅಲ್ಲಿಯೇ ಬಾಳಿತು.

ಬಣ್ಣದ ಮಾತು ಬಂದಾಗ ನಮ್ಮ ದೇಶದವರೊಬ್ಬರನ್ನು ಬಿಡಲಾಗದು. ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ಉಟ್ಟರೆಂದು ಮೇಲಿನವರ ಕಣ್ಣು ಕೆಂಪಾಗಿ, ಎಂ.ಬಿ.ಬಿ.ಎಸ್. ತಪ್ಪಿ ಕೆಳಗಿನ ದರ್ಜೆಯ ಎಲ್.ಎಂ.ಎಸ್. ಕೈಗೆ ಬಂತು. ಅದೇ ಸುಬ್ಬರಾವ್ ಹಾರ್ವರ್ಡಿಗೆ ಹೋಗಿ, ರಕ್ತ ಮೂತ್ರಗಳಲ್ಲಿಯ ರಂಜಕವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಫಿಸ್ಕ್ ಎಂಬ ಗುರುವಿನ ಜೊತೆ 1925ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಫಿಸ್ಕ್-ಸುಬ್ಬರಾವ್ ವಿಧಾನವೇ. ಪದವಿ ಕೊಡಲು ಹಿಂಜರಿದವರ ಹೆಸರು ಮಾತ್ರ ಯಾರ ಬಾಯಲ್ಲಿಯೂ ಇಲ್ಲ.

ಈಗ ನಮ್ಮ ಅಜ್ಜನ ವಿಷಯ. ನಾವು ಅವನನ್ನು ನೋಡಿದವರಲ್ಲ. ಧಾರವಾಡದಲ್ಲಿ ಕನ್ನಡ ಸಾಲಿಯ ಮಾಸ್ತರ. ಸಕ್ಕರೆ ಬೇನೆಯಿಂದ ನಿವೃತ್ತಿಗೆ ಮೊದಲೇ ಕಣ್ಣು ಮಂಜಾಗಿತ್ತಂತೆ. ಹಿತ್ತಲ ಬಾಗಿಲ ಹತ್ತಿರ ಗೂಡಿನಲ್ಲಿ ಬೆನೆಡಿಕ್ಟನ ನೀಲಿ ಬಾಟಲಿ, ಒಂದು ಸ್ಪಿರಿಟ್ ದೀಪ, ಕಟ್ಟಿಗೆಯ ಚಿಮಟದಲ್ಲಿ ಸಿಕ್ಕಿಸಿದ ನಳಿಗೆ. ಮುಂಜಾನೆ ಸಾಲಿಗೆ ಹೋಗುವ ಮುಂಚೆ ಅದನ್ನು ಕುದಿಸುವ ಕೆಲಸ ಹತ್ತು ವರ್ಷದ ಮಗಳದು, ಅಂದರೆ ನಮ್ಮ ಅವ್ವನದು. ಕಟ್ಟೆಯ ಮೇಲೆ ಕುಳಿತ ಅಜ್ಜ ಒಳಗಿನ ಕಡೆ ಮುಖ ಮಾಡಿ, "ಯಾವ ಬಣ್ಣ ಬಂತವಾ?" ಎಂದು ಕೇಳುತ್ತಿದ್ದ. ಅವನ ಅಂದಿನ ಊಟ ಅವಳ ಉತ್ತರದ ಮೇಲೆ ನಿಂತಿತ್ತು. ಈ ಸಂಗತಿಯನ್ನು ನಾವು ಬಾಲ್ಯದಿಂದಲೂ ತಮಾಷೆಯ ಕಥೆಯೆಂದೇ ಕೇಳುತ್ತ ಬಂದವರು.

ಆ ಹೊತ್ತಿಗಾಗಲೇ ಅಮೆರಿಕದಲ್ಲಿ ದೀಪ, ನಳಿಗೆ ಎರಡಕ್ಕೂ ನಿವೃತ್ತಿ ಬಂದಿತ್ತು. ಎಲ್ಕ್‌ಹಾರ್ಟ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫ್ರೀ, ಹೆಲೆನ್ ಫ್ರೀ ಎಂಬ ದಂಪತಿಗಳು ಔಷಧದ ಕಂಪನಿಯಲ್ಲಿ ಒಟ್ಟಿಗೆ ದುಡಿಯುತ್ತಿದ್ದರು. 1956ರಲ್ಲಿ ಅವರ ಕೆಲಸದಿಂದ 'ಕ್ಲಿನಿಸ್ಟಿಕ್ಸ್' ಎಂಬ ಕಾಗದದ ಪಟ್ಟಿ ಬಂತು. ಅದ್ದಿ ತೆಗೆದರೆ ಸಾಕು, ಬಣ್ಣ ತಿರುಗುತ್ತದೆ. ಕುದಿಸುವುದಿಲ್ಲ, ಕೈ ಸುಟ್ಟುಕೊಳ್ಳುವುದಿಲ್ಲ. ಹೆಲೆನ್ ಫ್ರೀ 2021ರಲ್ಲಿ 98 ವರ್ಷ ತುಂಬು ಬಾಳು ಬಾಳಿ ತೀರಿಕೊಂಡರು. ಇಬ್ಬರೂ ಒಂದೇ ಕಚೇರಿಯಲ್ಲಿದ್ದು ಜಗಳವಾಡದೆ ಒಂದು ಪಟ್ಟಿ ಕಂಡುಹಿಡಿದರಲ್ಲ ಎಂದು ನಾವು ಆಶ್ಚರ್ಯಪಟ್ಟಾಗ, ನಮ್ಮಾಕೆ, "ಜಗಳಾಡಿರಲಿಲ್ಲ ಅಂತ ಪುಸ್ತಕದಲ್ಲಿ ಬರೆದಿದೆಯೇನು?" ಎಂದಳು. ಬರೆದಿಲ್ಲ.

ಮೂತ್ರದ ಸುದ್ದಿ ಹಳೆಯ ಸುದ್ದಿ. ರಕ್ತದಲ್ಲಿ ಸಕ್ಕರೆ ಒಂದು ಮಿತಿ ಮೀರಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಆದ್ದರಿಂದ ರಕ್ತಕ್ಕೇ ಒಂದು ಪಟ್ಟಿ 1965ರಲ್ಲಿ ಬಂತು. ಅದರ ಬಣ್ಣವನ್ನು ಕಣ್ಣಳತೆಗೆ ಬಿಡದೆ ಅಂಕಿಯಲ್ಲಿ ತೋರಿಸುವ ಯಂತ್ರ 1970ರ ಸುಮಾರಿಗೆ ಬಂತು. ಒಂದು ಕಿಲೋ ಮೀರಿದ ತೂಕ, ಅದಕ್ಕೆ ತಕ್ಕ ಬೆಲೆ, ಸಾಲದ್ದಕ್ಕೆ ಡಾಕ್ಟರಲ್ಲದವರಿಗೆ ಮಾರುವಂತಿಲ್ಲ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರನಿಗೆ ಹನ್ನೆರಡನೆಯ ವಯಸ್ಸಿನಿಂದಲೇ ಈ ಬೇನೆ. ಅವನ ಪುಣ್ಯಕ್ಕೆ ಹೆಂಡತಿ ಡಾಕ್ಟರು. ಆಕೆಯ ಹೆಸರಿನಲ್ಲಿ ಯಂತ್ರ ತರಿಸಿಕೊಂಡು, ದಿನಕ್ಕೆ ಹಲವು ಸಲ ತನ್ನ ರಕ್ತವನ್ನು ತಾನೇ ನೋಡಿ, ಊಟವನ್ನೂ ಔಷಧವನ್ನೂ ಹೊಂದಿಸಿಕೊಂಡ. ಎಂಜಿನಿಯರನ ಮಾತನ್ನು ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು, ನಲವತ್ತೈದನೆಯ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ತಾನೇ ಡಾಕ್ಟರನಾದ. ಇಲಾಖಾ ಪರೀಕ್ಷೆಗೆ ವಯಸ್ಸಾಯಿತೆಂದು ನೆಪ ಹೇಳುವ ನಮ್ಮಂಥವರು ಓದಬೇಕಾದ ಚರಿತ್ರೆ. ಇಂದು ಅದೇ ಯಂತ್ರ ಅಂಗೈಯಲ್ಲಿ ಅಡಗುತ್ತದೆ. ಬಣ್ಣದ ಗೊಡವೆಯೂ ಇಲ್ಲ, ಪಟ್ಟಿಯಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಅಳೆದು ಅಂಕಿ ಹೇಳುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮೊಡನೆ ಇಲ್ಲಿಯೇ ಇದ್ದಾಳೆ. ಅವಳ ಪಥ್ಯದ ರೀತಿಯೇ ಬೇರೆ. ರಕ್ತ ಪರೀಕ್ಷೆಗೆ ಮೂರು ದಿನ ಮುಂಚೆ ಕಟ್ಟುನಿಟ್ಟಿನ ವ್ರತ ಹಿಡಿಯುತ್ತಾಳೆ. ಅನ್ನ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ, ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ. ನಾಲ್ಕನೆಯ ದಿನ ಪರೀಕ್ಷೆಯಲ್ಲಿ ಪ್ರಥಮ ದರ್ಜೆ. ಐದನೆಯ ದಿನ ಡಬ್ಬಿಯೊಳಗಿನ ಧಾರವಾಡ ಪೇಡೆ ಒಂದೆರಡು ಕಡಿಮೆ. ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ರಿಜಿಸ್ಟರುಗಳನ್ನೆಲ್ಲ ಭರ್ತಿ ಮಾಡುವ ಕಚೇರಿಯಲ್ಲಿ ಬೆಳೆದ ನಾವು ಈ ವಿದ್ಯೆಯನ್ನು ಗುರುತಿಸದೆ ಇರುತ್ತೇವೆಯೆ? ಆದರೆ ಸುಮ್ಮನಿದ್ದೆವು.

ಸುಮ್ಮನಿರದವನು ಟೆಹರಾನಿನ ಸ್ಯಾಮ್ಯುಯೆಲ್ ರಹಬರ್. ಸಕ್ಕರೆ ಬೇನೆಯವರ ಹಿಮೋಗ್ಲೋಬಿನ್ನಿನಲ್ಲಿ ಒಂದು ಅಂಶ ಹೆಚ್ಚಾಗಿರುವುದನ್ನು ಆತ 1968ರಲ್ಲಿ ಕಂಡ. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಅದು ಕೆಂಪು ಕಣದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಅಂಟಿದ್ದು ಬಿಡುವುದಿಲ್ಲ. ಕಣದ ಆಯುಷ್ಯ ಸುಮಾರು 120 ದಿನ. ಆದುದರಿಂದ ಎರಡು ಮೂರು ತಿಂಗಳ ಒಟ್ಟು ನಡತೆ ಅಲ್ಲಿ ದಾಖಲಾಗಿರುತ್ತದೆ. ಮೂರು ದಿನದ ವ್ರತಕ್ಕೆ ಜಗ್ಗದ ಸರ್ವಿಸ್ ಬುಕ್ ಅದು. ಡಾಕ್ಟರರು ಈ ಪರೀಕ್ಷೆ ಬರೆದುಕೊಟ್ಟರು. ಆರೂವರೆ ದಾಟಿದರೆ ಸಕ್ಕರೆ ಬೇನೆ ಎನ್ನುವ ಲೆಕ್ಕದಲ್ಲಿ ಅವ್ವನದು ಹತ್ತೂ ಚಿಲ್ಲರೆ ಬಂತು. ಕಣ್ಣಿನ ಡಾಕ್ಟರರು ದೀಪ ಹಾಕಿ ನೋಡಿ, ಒಳಪೊರೆಯಲ್ಲಿ ರಕ್ತ ಒಸರಿದ ಚುಕ್ಕೆಗಳಿವೆ, ಇನ್ನು ಉದಾಸೀನ ಸಲ್ಲದು ಎಂದರು. ಅವ್ವ ಕೌದಿ ಹೊಲಿಯುವವಳು. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯತೊಡಗಿದ್ದು ಯಾಕೆಂದು ನಮಗೆ ಆಗ ಹೊಳೆಯಿತು.

ಮನೆಗೆ ಯಂತ್ರ ತಂದೆವು. ನಮ್ಮ ಮಗಳಿಗೆ ಹತ್ತು ವರ್ಷ. ಹೊಸ ಯಂತ್ರ ಕಂಡರೆ ಅವಳ ಕೈ ನಿಲ್ಲದು. "ಅಜ್ಜಿ, ದಿನಾ ನಾನೇ ನೋಡಿ ಹೇಳ್ತೀನಿ" ಎಂದು ಮುಂದೆ ಬಂದಳು. ಅವ್ವ ಚಾಚಿದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಆ ಕೆಲಸ ಹುಡುಗರಿಗೆ ಕೊಡಬ್ಯಾಡ್ರಿ."

ಯಾಕೆಂದು ಕೇಳಿದರೆ ಮಾತಿಲ್ಲ. ಮಗಳು ಮುಖ ಸಣ್ಣದು ಮಾಡಿಕೊಂಡು ಹೋದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವ್ವ ನಮ್ಮನ್ನು ಕರೆದು ಹೇಳಿದಳು. ಹೋಳಿಹುಣ್ಣಿಮೆಯ ದಿನವಂತೆ. ಮನೆ ತುಂಬ ಹೋಳಿಗೆಯ ವಾಸನೆ. ನಳಿಗೆಯಲ್ಲಿ ಇಟ್ಟಿಗೆಯಂಥ ಕೆಂಪು. ಅಜ್ಜ ಎಂದಿನಂತೆ ಕೇಳಿದ. ಅವಳು, "ಹಸರ ಆಗೇದಪಾ" ಎಂದಳು. ಅಜ್ಜ ಎರಡು ಹೋಳಿಗೆ ತುಪ್ಪ ಹಚ್ಚಿಕೊಂಡು ಉಂಡ. ಅಷ್ಟು ಸಂತೋಷದಿಂದ ಅವನು ಉಂಡದ್ದನ್ನು ಅವಳು ಬಹಳ ದಿನದ ಮೇಲೆ ನೋಡಿದ್ದಳು. ಮುಂದೆ ಹಬ್ಬ ಬಂದಾಗಲೆಲ್ಲ ಬಣ್ಣ ಹಸಿರಾಯಿತು. ಮರುವರ್ಷ ಕಾಲಿನ ಹುಣ್ಣು ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಎರಡು ವರ್ಷದಲ್ಲಿ ಅಜ್ಜ ಹೋದ.

ನಾವು ಓದಿದ್ದನ್ನೆಲ್ಲ ಹೇಳಿದೆವು. ಒಂದೆರಡು ಹೋಳಿಗೆಯಿಂದ ಕಾಲು ಹೋಗುವುದಿಲ್ಲ, ಅದು ಹಲವು ವರ್ಷಗಳ ಕೆಲಸ, ಕಣ್ಣು ಮಂಜಾದಾಗಲೇ ಬೇನೆ ಬೇರೂರಿತ್ತು ಎಂದೆವು. ಅವ್ವ ಎಲ್ಲವನ್ನೂ ಕೇಳಿದಳು.

"ನಿನ್ನ ಶಾಸ್ತ್ರ ಖರೇ ಇರಬಹುದಪಾ. ಅವಗ ಕಣ್ಣ ಕಾಣ್ತಿದ್ದಿಲ್ಲ. ನನ್ನ ಮಾತ ನಂಬಿದ್ದ."

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮರುದಿನ ದಾರಿ ತೋರಿಸಿದ್ದು ನಮ್ಮಾಕೆ. ಯಂತ್ರದ ಗುಂಡಿ ಒತ್ತಿ, ಹಿಂದಿನ ಅಂಕಿಗಳೆಲ್ಲ ತಾರೀಖು ವೇಳೆ ಸಹಿತ ಒಳಗೆ ಉಳಿದಿರುತ್ತವೆ ಎಂದು ಅತ್ತೆಗೆ ತೋರಿಸಿದಳು. ಓದಿದವರು ಏನು ಹೇಳಿದರೂ ಅದು ಅಳಿಯುವುದಿಲ್ಲ, ಡಾಕ್ಟರರು ನೇರವಾಗಿ ಅದನ್ನೇ ನೋಡುತ್ತಾರೆ ಎಂದಳು. ಅವ್ವ ಯಂತ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಅಂದರ ಕೂಸು ಸುಳ್ಳ ಹೇಳಿದರೂ ನಡೆಯೂದಿಲ್ಲೇನು?"

"ನಡೆಯೂದಿಲ್ಲ ಅತ್ತಿ."

"ಹಂಗಾದರ ನೋಡಲಿ ಬಿಡು."

ಈಗ ದಿನವೂ ಬೆಳಿಗ್ಗೆ ಅಜ್ಜಿ ಮೊಮ್ಮಕ್ಕಳ ಕಚೇರಿ ನಡೆಯುತ್ತದೆ. ಮಗಳು ಬೆರಳು ಚುಚ್ಚುತ್ತಾಳೆ, ಅಂಕಿಯನ್ನು ಕೂಗಿ ಹೇಳಿ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಹೊಡೆದು ಬರೆಯುತ್ತಾಳೆ. 212 ಬಂದ ದಿನ ಕೂಗಲು ಸ್ವಲ್ಪ ತಡೆದಳು. ಅವ್ವ, "ಇದ್ದದ್ದ ಹೇಳ" ಎಂದಳು, ಹೇಳಿದಳು. ಕಣ್ಣಿಗೆ ಲೇಸರ್ ಚಿಕಿತ್ಸೆ ಒಂದು ಸಲ ಆಗಿದೆ. ಮೂರು ತಿಂಗಳ ಪರೀಕ್ಷೆ ಹತ್ತರಿಂದ ಎಂಟೂವರೆಗೆ ಇಳಿದಿದೆ. ಮುಂದಿನದು ಯಾವಾಗ ಎಂದು ಮೊನ್ನೆ ಕೇಳಿದಳು. ನವೆಂಬರ್ ಕೊನೆಗೆ ಎಂದೆವು. ಅವ್ವ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡು, ಆ ನಡುವೆ ದಸರಾ, ದೀಪಾವಳಿ ಎರಡೂ ಬರುತ್ತವೆಯೋ, ಒಂದೇ ಬರುತ್ತದೆಯೋ ಎಂದು ಎಣಿಸತೊಡಗಿದಳು.