ಮರಳಿನ ನಂಟಿನ ರತ್ನ

ದೇವರಾಯನದುರ್ಗದಲ್ಲಿ ಹುಟ್ಟಿ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹರಿಯುವ ಶಿಂಷಾ ನದಿಯ ಮರಳಿನಲ್ಲಿ ಸಿಲಿಕಾ ಇದೆ. ಶುಕ್ರಗ್ರಹಕ್ಕೆಂದು ಜನ ಉಂಗುರಕ್ಕೆ ಕಟ್ಟಿಸುವ ಓಪಲ್ ಕೂಡ ಸಿಲಿಕಾವೇ. ಜೊತೆಗೆ ಒಂದಿಷ್ಟು ನೀರು. ರೋಮನ್ನರೂ ಮೆಚ್ಚಿದ್ದ ಈ ಕಲ್ಲನ್ನು ಹೊರಳಿಸಿದರೆ ಹಸಿರು, ನೀಲಿ, ಕೆಂಪು ಮಿನುಗುತ್ತವೆ. ಈ ಬಣ್ಣ ಬಂದುದೆಲ್ಲಿಂದ?

ತುಮಕೂರಿಗೆ 70 ಕಿ.ಮೀ. ದೂರದ ಬೆಂಗಳೂರಿನಲ್ಲಿ ಸರ್ ಸಿ.ವಿ. ರಾಮನ್ ಇದನ್ನೇ ಹುಡುಕಿದರು. ಕಲ್ಲಿನೊಳಗಿನ ತೆಳು ಪದರಗಳೇ ಕಾರಣವೆಂದು ಎ. ಜಯರಾಮನ್ ಜೊತೆಗೂಡಿ 1953ರಲ್ಲಿ ಬರೆದರು. ಆದರೆ 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಸಾಲುಸಾಲಾಗಿ ಜೋಡಿಸಿಟ್ಟಂಥ ಸಿಲಿಕಾ ಗುಂಡುಗಳು! ಅಲ್ಲಿ ಬೆಳಕು ವಿವರ್ತನೆಗೊಂಡು ಬಣ್ಣವಾಗುತ್ತದೆ.

ರಾಮನ್ ಸಂಗ್ರಹಿಸಿದ ರತ್ನ, ಖನಿಜಗಳು ರಾಮನ್ ಸಂಶೋಧನಾ ಸಂಸ್ಥೆಯಲ್ಲಿವೆ. ಪೋಷಕರು ಮೊದಲೇ ವಿಚಾರಿಸಿ ಮಕ್ಕಳನ್ನು ಕರೆದೊಯ್ಯಬಹುದು. ನೊಬೆಲ್ ಪಡೆದವರ ಉತ್ತರವನ್ನೂ ತಿದ್ದಬಲ್ಲದು ವಿಜ್ಞಾನ. ಉಂಗುರ ತರುವ ಅದೃಷ್ಟಕ್ಕಿಂತ ಈ ಪಾಠ ದೊಡ್ಡದು.