ಎತ್ತಿ ಹಾಕೋ

ಊರಲ್ಲಿರುವ ನಮ್ಮ 1986ರ ಅಂಬಾಸಿಡರ್‌ನ ಮುಂದಿನ ಎಡಬಾಗಿಲು ಒಂದೇ ಸಲಕ್ಕೆ ಮುಚ್ಚಿಕೊಂಡಿದ್ದನ್ನು ನಾನು ನೋಡಿಯೇ ಇರಲಿಲ್ಲ. 'ಸ್ವಲ್ಪ ಎತ್ತಿ ಹಾಕೋ' ಅನ್ನೋದು ನಮ್ಮನೆಯ ಮಂತ್ರ. ಅಜ್ಜಿ ಇದ್ದಷ್ಟು ಕಾಲ ಹತ್ತುವಾಗ, ಇಳಿಯುವಾಗ ಭಾರವನ್ನೆಲ್ಲ ಆ ಬಾಗಿಲಿನ ಮೇಲೇ ಹಾಕುತ್ತಿದ್ದಳು. ಅದು ಜೋತುಬೀಳದೆ ಇನ್ನೇನು ಮಾಡೀತು?

ಹೋದ ಮಳೆಗಾಲ ಒಂದು ತಿರುವಿನಲ್ಲಿ ಬಾಗಿಲು ತಾನಾಗೇ ತೆರೆದುಕೊಂಡಿತಂತೆ. ಅಲ್ಲಿ ಕೂತಿದ್ದ ಅಮ್ಮ ಅದನ್ನು ಫೋನಲ್ಲಿ ನಗ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಆ ಶುಕ್ರವಾರ ರಾತ್ರಿಯೇ ಬಸ್ ಹತ್ತಿದೆ.

ಅಪ್ಪ ಹಿಂದೆಯೇ ಒಂದು ರಿಪೇರಿ ಮಾಡಿದ್ದರು. ಬಾಗಿಲು ಇಳಿದಷ್ಟೂ ಲಾಕ್ ಸಿಕ್ಕಿಕೊಳ್ಳುವ ಸ್ಟ್ರೈಕರನ್ನು ಕೆಳಗಿಳಿಸುತ್ತಾ ಬಂದಿದ್ದರು. ನಮ್ಮ ಆಫೀಸಲ್ಲಿ ಇದಕ್ಕೆ ಹಾಟ್‌ಫಿಕ್ಸ್ ಅಂತೀವಿ. ಟಿಕೆಟ್ ಕ್ಲೋಸ್ ಆಗುತ್ತೆ, ಬಗ್ ಅಲ್ಲೇ ಇರುತ್ತೆ.

ಪೇಟೆಯಿಂದ ಬಂದ ಟಿಂಕರಿಂಗ್ ಮೇಸ್ತ್ರಿ ಮೊದಲು ಸ್ಟ್ರೈಕರನ್ನೇ ಬಿಚ್ಚಿಟ್ಟರು. 'ಅದಿದ್ರೆ ಬಾಗಿಲು ಅದರ ಮೇಲೆ ಕೂತ್ಕೊಂಡು ಸುಳ್ಳು ಹೇಳುತ್ತೆ ಸಾರ್.' ಆಮೇಲೆ ತೆರೆದ ಬಾಗಿಲಿನ ತುದಿ ಹಿಡಿದು ಮೇಲೆ ಕೆಳಗೆ ಆಡಿಸಲು ನನಗೆ ಹೇಳಿ, ತಾವು ಹಿಂಜ್ ಮೇಲೆ ಬೆರಳಿಟ್ಟರು. ಪಿಲ್ಲರ್ ಅಲುಗಲಿಲ್ಲ. ಸದ್ಯ, ಒಳಗೆ ತುಕ್ಕು ತಿಂದಿಲ್ಲ. ಮೇಲಿನ ಹಿಂಜಿನ ಪಿನ್ ಸವೆದಿತ್ತು, ಅಷ್ಟೇ. ಅಂಬಾಸಿಡರ್ ತಯಾರಿಕೆ ನಿಂತಿದ್ದೇ 2014ರಲ್ಲಿ; ಹೊಸ ಪಿನ್ನನ್ನು ಲೇತ್‌ನಲ್ಲಿ ಮಾಡಿಸಿಕೊಂಡು ಬಂದೆವು.

ಬಾಗಿಲಡಿಗೆ ಜಾಕ್, ಜಾಕ್ ಮೇಲೆ ಮರದ ತುಂಡು, ಅದರ ಮೇಲೆ ಅಮ್ಮನ ಹಳೇ ಸೀರೆ. ಪಿನ್ ಕೂರಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಹಿಂಜಿನ ಸ್ಕ್ರೂ ಸಡಿಲಿಸೋದು, ಕೂದಲೆಳೆಯಷ್ಟು ಎತ್ತೋದು, ಬಿಗಿ ಮಾಡೋದು, ಜಾಕ್ ಇಳಿಸಿ ಬಾಗಿಲು ಮುಚ್ಚಿ ಸಂದು ನೋಡೋದು. ಹೀಗೆ ನಾಲ್ಕು ಸಲ. ಸುತ್ತಲೂ ಸಂದು ಒಂದೇ ಸಮ ಬಂದ ಮೇಲೆ, ಕಟ್ಟಕಡೆಗೆ, ಸ್ಟ್ರೈಕರ್.

ಅಪ್ಪ ಅಷ್ಟು ಹೊತ್ತೂ ಜಗಲಿಯ ಮೇಲೆ ಕೂತು ನೋಡಿದರು. ಒಂದು ಮಾತೂ ಆಡಲಿಲ್ಲ. ತಮ್ಮ ರಿಪೇರಿಯನ್ನು ಮಗ ಬಿಚ್ಚಿ ಹಾಕಿದ್ದು ಬೇಜಾರಾಯ್ತೇನೋ ಅಂದುಕೊಂಡೆ.

ಸಂಜೆ ಅಮ್ಮ ಹತ್ತಿ ಕೂತಳು. ಅಪ್ಪ ಅಭ್ಯಾಸಬಲದಿಂದ ಬಾಗಿಲಡಿಗೆ ಕೈಕೊಟ್ಟು ಎತ್ತಲು ಹೋದರು. ಎತ್ತಲು ಏನೂ ಇರಲಿಲ್ಲ. ಟಕ್ ಅಂತ ಮುಚ್ಚಿಕೊಂಡಿತು. ಒಂದು ಕ್ಷಣ ಅಲ್ಲೇ ನಿಂತರು.

'ನಮ್ಮಮ್ಮ ಇದ್ದಿದ್ರೆ,' ಅಂದರು, 'ಇನ್ನೊಂದು ವರ್ಷದಲ್ಲಿ ಮತ್ತೆ ಇಳಿಸ್ತಿದ್ಲು.'